ಬೆಳಗ್ಗೆ ಕುರುಡು, ಹತ್ತು ಗಂಟೆಗೆ ಕಣ್ಣು: ನನ್ನ ಮಾನಿಟರ್ ಕಥೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಎಳ್ಳಮಾವಾಸ್ಯೆ ಜಾತ್ರೆಗೆ ಹದಿನೈದು ದಿನ ಇತ್ತು, ಕರಪತ್ರ, ಬ್ಯಾನರ್ ಕೆಲಸ ತಲೆ ಮೇಲೆ ಕೂತಿತ್ತು. ಆಗಲೇ ಮಾನಿಟರ್ ಕೈ ಕೊಟ್ಟಿತು. ಬೆಳಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಆನ್ ಆದ ಕೂಡಲೇ ಬರುವ ಬಯಾಸ್ ಲೋಗೋ ಕೂಡ ಇಲ್ಲ. ಅರ್ಧ ಗಂಟೆ ಆಫ್ ಆನ್ ಅಂತ ಗುದ್ದಾಡಿದರೆ ಇದ್ದಕ್ಕಿದ್ದ ಹಾಗೆ ಬರುತ್ತದೆ, ಬಂದ ಮೇಲೆ ರಾತ್ರಿವರೆಗೂ ತಕರಾರಿಲ್ಲ.

ನಾನೂ ಎಲ್ಲರ ಹಾಗೆ ಮೊದಲು ಸಿಪಿಯು ಒಳಗಿನ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಕಿತ್ತು ರಬ್ಬರ್‌ನಲ್ಲಿ ಉಜ್ಜಿದೆ. ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಎಷ್ಟೋ ಕೇಸ್ ಅದರಲ್ಲೇ ಸರಿಹೋಗುತ್ತವೆ. ಹಾಕಿದೆ, ಡಿಸ್‌ಪ್ಲೇ ಬಂತು! ಪಕ್ಕದ ಅಂಗಡಿಯವರಿಗೂ ಹೇಳಿಕೊಂಡು ಬಂದೆ. ಮರುದಿನ ಬೆಳಗ್ಗೆ ಮತ್ತೆ ಕಪ್ಪು. ಬೋರ್ಡಿನ ಮೇಲಿನ ನಾಣ್ಯದಂಥ ಸಿಮೋಸ್ ಬ್ಯಾಟರಿ ಬದಲಿಸಿದೆ, 40 ರೂಪಾಯಿ. ಬಂತು, ಮರುದಿನ ಹೋಯಿತು. ಹಳೇ ರ‍್ಯಾಮ್ ಒಂದನ್ನು 600 ಕೊಟ್ಟು ತಂದೆ, ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) 1,100 ಸುರಿದೆ. ಪ್ರತಿ ಸಲವೂ ಅದೇ ಕಥೆ: ಹಾಕಿದ ದಿನ ಬರುತ್ತದೆ, ಮರುದಿನ ಇಲ್ಲ. ಶಿವಮೊಗ್ಗದ ಒಂದು ಅಂಗಡಿಯವರು 'ಮದರ್‌ಬೋರ್ಡ್ ಹೋಗಿದೆ, ಇಲ್ಲಾಂದ್ರೆ ಮಾನಿಟರ್ ಹೋಗಿದೆ, ಎರಡೂ ಹೊಸದು ತಗೊಳ್ಳಿ' ಅಂದರು. ಸುಮಾರು ಒಂಬತ್ತು ಸಾವಿರದ ಮಾತು.

ತಲೆಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ ಬರುವಾಗ. ಸ್ಕ್ರೂ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸುವಷ್ಟರಲ್ಲಿ ನನಗೆ ಅರ್ಧ ಗಂಟೆ ಆಗುತ್ತಿತ್ತು, ಅಷ್ಟು ಹೊತ್ತೂ ಮಾನಿಟರ್ ಸ್ವಿಚ್ ಆರಿಸಿರಲಿಲ್ಲ. ಅಂದರೆ ಯಾವ ಔಷಧಿಯೂ ಕೆಲಸ ಮಾಡಿರಲೇ ಇಲ್ಲ, ಮಾನಿಟರ್ ತಾನಾಗೇ ಬೆಚ್ಚಗಾಗಿ ಬರುತ್ತಿತ್ತು, ಅಲ್ವಾ?

ಮರುದಿನ ಬೆಳಗ್ಗೆ ಸಿಪಿಯು ಮುಟ್ಟಲೇ ಇಲ್ಲ. ನಮ್ ಲಾಕ್ ಒತ್ತಿದೆ, ಕೀಬೋರ್ಡ್ ಲೈಟ್ ಆರಿ ಹತ್ತಿತು. ಸಿಸ್ಟಮ್ ಬೂಟ್ ಆಗಿದೆ! ಸ್ಪೀಕರ್ ಹಾಕಿದ್ದರೆ ಶುರುವಿನ ಸದ್ದು ಕೇಳಿ ಮೊದಲ ದಿನವೇ ಗೊತ್ತಾಗುತ್ತಿತ್ತು, ಅದನ್ನು ಮಗಳು ಮನೆಗೆ ಒಯ್ದಿದ್ದಳು. ಲೈಟ್ ಆರಿಸಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದೆ. ಬೂದಿಯಲ್ಲಿ ಬರೆದ ಹಾಗೆ ಡೆಸ್ಕ್‌ಟಾಪ್ ಐಕಾನುಗಳು ಮಸುಕು ಮಸುಕಾಗಿ ಕಂಡವು. ಚಿತ್ರ ಇದೆ, ಹಿಂದಿನ ಬೆಳಕು ಮಾತ್ರ ಇಲ್ಲ.

ಹೆಂಡತಿಯ ಹೇರ್ ಡ್ರೈಯರ್ ತಂದು ಮಾನಿಟರ್ ಬೆನ್ನಿನ ಜಾಲರಿಗೆ ಹಿಡಿದೆ. 'ಕೂದಲು ಒಣಗಿಸೋದ್ರಲ್ಲಿ ಮಾನಿಟರ್ ರಿಪೇರಿನಾ' ಅಂತ ಗೆಳೆಯ ನಕ್ಕ. ಎರಡೂವರೆ ನಿಮಿಷಕ್ಕೆ ಫಕ್ಕನೆ ಬೆಳಕು ಬಂತು, ಅವನ ಬಾಯಿ ಮುಚ್ಚಿತು. ಮೂರು ಬೆಳಗ್ಗೆ ಮಾಡಿ ನೋಡಿದೆ, ಮೂರೂ ದಿನ ಹಾಗೇ.

ಬಿಚ್ಚಿದರೆ ಪವರ್ ಬೋರ್ಡಿನಲ್ಲಿ ಚಾರ್ಜ್ ಹಿಡಿದಿಡುವ ಎರಡು ಕೆಪಾಸಿಟರ್‌ಗಳ ತಲೆ ಇಡ್ಲಿ ಹಾಗೆ ಉಬ್ಬಿತ್ತು. ಮೇಲೆ ಬರೆದದ್ದು 25 ವೋಲ್ಟ್, 1000 ಮೈಕ್ರೋಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ). ಬದಲಿಗೆ 105 ಡಿಗ್ರಿ ಬಿಸಿ ತಾಳುವವನ್ನೇ ಹಾಕಿದೆ, ಎರಡೂ ಸೇರಿ 30 ರೂಪಾಯಿ. ಮುಂದಿನ ಫ್ರೇಮಿನ ಕ್ಲಿಪ್ ಒಂದೂ ಮುರಿಯದೆ ಹೇಗೆ ಬಿಚ್ಚಿದೆ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಹೇಳಲ್ಲ. ಒಂದು ಮಾತು ಮಾತ್ರ: ಕರೆಂಟ್ ಕಡೆಯ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತದೆ. ನನ್ನ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತು.

ಸುಮ್ನೆ ಕುತೂಹಲಕ್ಕೆ ಕಿತ್ತವುಗಳಲ್ಲಿ ಒಂದನ್ನು ಮೀಟರಿಗೆ ಹಾಕಿದೆ, ಸಾವಿರ ಇರಬೇಕಾದಲ್ಲಿ ಆರುನೂರರ ಹತ್ತಿರ ತೋರಿಸಿತು. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಒಂದು ಗಂಟೆ ಇಟ್ಟು ತೆಗೆದರೆ ನಾನೂರೂ ಇಲ್ಲ. ಹೊಸದನ್ನು ಹಾಗೇ ಇಟ್ಟು ತೆಗೆದರೆ ಅದರ ಅಳತೆ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಮಾಗಿ ಚಳಿಯಲ್ಲಿ ಯಾಕೆ ಮುಷ್ಕರ ಹೂಡುತ್ತಿತ್ತು ಅಂತ ಆಗ ಪೂರ್ತಿ ಅರ್ಥವಾಯಿತು.

ಕರಪತ್ರ ಜಾತ್ರೆಗೆ ಮೂರು ದಿನ ಮೊದಲೇ ಕೊಟ್ಟೆ. ಮಾನಿಟರ್ ಈಗ ಎರಡನೇ ಚಳಿಗಾಲ ನೋಡುತ್ತಿದೆ. ಆ ಎಸ್‌ಎಂಪಿಎಸ್ ಬಿಚ್ಚಿ ಮತ್ತೆ ಡಬ್ಬಿಗೇ ಹಾಕಿಟ್ಟಿದ್ದೇನೆ, ಬೇಕಾದವರಿಗೆ 800ಕ್ಕೆ ಕೊಡುತ್ತೇನೆ.