ಸ್ಕಾಟ್ಲೆಂಡಿನ ಹಳ್ಳಿಗಾಡಿನ ಸ್ಥಳನಾಮಗಳ ಮೂಲ ಹುಡುಕುವ ಬಗೆ

ಸ್ಕಾಟ್ಲೆಂಡಿನ ಯಾವುದಾದರೂ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಹೊಳೆ, ಗುಡ್ಡಗಳ ಹೆಸರುಗಳ ಮೂಲವನ್ನು ತಿಳಿಯಬೇಕೆನ್ನುವವರು ಇಂದಿನ ಕಾಗುಣಿತವನ್ನು ನಂಬಿ ಅರ್ಥ ಹೇಳಲು ಹೊರಡಬಾರದು. ಪೂರ್ವ ಸ್ಕಾಟ್ಲೆಂಡಿನ ಫೈಫ್ ಪ್ರದೇಶದ ಕಿರ್ಕಾಲ್ಡಿ ಎಂಬ ಊರಿನ ಹೆಸರಿನ ಮೊದಲ ಭಾಗ ಸ್ಕಾಟ್ಸ್ ಭಾಷೆಯಲ್ಲಿ ಚರ್ಚನ್ನು ಸೂಚಿಸುವ ‘ಕರ್ಕ್’ ಎಂದೇ ತೋರುತ್ತದೆ. ಆದರೆ ಹಳೆಯ ದಾಖಲೆಗಳ ರೂಪಗಳನ್ನು ಪರಿಶೀಲಿಸಿದ ವಿದ್ವಾಂಸರು ಅಲ್ಲಿ ಕಂಡಿರುವುದು ಕೋಟೆ ಎಂಬರ್ಥದ, ಪ್ರಾಚೀನ ಪಿಕ್ಟ್ ಜನರ ಭಾಷೆಯಾದ ಪಿಕ್ಟಿಷ್ ಮೂಲದ ಪದವನ್ನು.

ಆದ್ದರಿಂದ ಹೊಸದರಿಂದ ಹಳೆಯದರ ಕಡೆಗೆ ಹಿಂದೆ ಸರಿಯುತ್ತ ಹೋಗಿ. ಬ್ರಿಟನ್ನಿನ ಸರ್ಕಾರಿ ನಕ್ಷಾ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ 19ನೆಯ ಶತಮಾನದ, ಮೈಲಿಗೆ ಆರಿಂಚು ಅಳತೆಯ ನಕ್ಷೆಯಲ್ಲಿ ಹೆಸರುಗಳನ್ನು ಗುರುತಿಸಿಕೊಂಡು, ಅದೇ ಸರ್ವೆಯ ‘ನೇಮ್ ಬುಕ್’ಗಳನ್ನು ತೆರೆಯಿರಿ, ಪ್ರತಿ ಹೆಸರಿನ ಬೇರೆಬೇರೆ ಕಾಗುಣಿತ, ಅದನ್ನು ದೃಢಪಡಿಸಿದವರು, ಸ್ಥಳದ ವಿವರಣೆ ಅಲ್ಲಿರುತ್ತವೆ. ಅನಂತರ 1747ರಿಂದ 1755ರವರೆಗೆ ನಡೆದ ಸರ್ವೆಗಾರ ವಿಲಿಯಂ ರಾಯ್ ಅವರ ಸೇನಾ ಸರ್ವೆ, ಡಚ್ ನಕ್ಷೆಕಾರ ಬ್ಲಾವ್ 1654ರಲ್ಲಿ ಪ್ರಕಟಿಸಿದ ಅಟ್ಲಾಸ್ ನೋಡಿ. ಈ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಅವಕ್ಕಿಂತ ಹಿಂದಿನ ರೂಪಗಳು ಬೇಕಾದರೆ ಮಠಗಳ ಮತ್ತು ಭೂದಾನದ ಲ್ಯಾಟಿನ್ ಪತ್ರಗಳೇ ಆಧಾರ. ಹುಡುಕಾಟದ ನಿಜವಾದ ಫಲ ಬಹುಮಟ್ಟಿಗೆ ಸಿಗುವುದು ಅಲ್ಲಿಯೇ.

ಸರ್ ಜಾನ್ ಸಿಂಕ್ಲೇರ್ 1791ರಿಂದ 1799ರವರೆಗೆ ಪ್ರಕಟಿಸಿದ ಸಂಖ್ಯಾವಿವರ ಸಂಪುಟಗಳಿಗಾಗಿ ಪ್ಯಾರಿಷ್ ಪಾದ್ರಿಗಳನ್ನು ಹೆಸರಿನ ವ್ಯುತ್ಪತ್ತಿಯ ಕುರಿತೂ ಕೇಳಲಾಗಿತ್ತು. ಅವರ ಉತ್ತರಗಳಲ್ಲಿ ಊಹೆಯೂ ಬೆರೆತಿದೆ. ಆದರೂ ಆ ಕಾಲದ ಜನರ ನಂಬಿಕೆಗೆ ಅವು ಅಮೂಲ್ಯ ಸಾಕ್ಷಿ.

ರೂಪಗಳನ್ನು ಕಾಲಾನುಕ್ರಮದಲ್ಲಿ ಬರೆದುಕೊಂಡ ಮೇಲೆ ಭಾಷೆಯನ್ನು ನಿರ್ಧರಿಸಿ. ‘ಪಿಟ್’ ಪಿಕ್ಟಿಷ್ ಮೂಲದ್ದು, ಜಮೀನಿನ ಪಾಲನ್ನು ಸೂಚಿಸುತ್ತದೆ. ‘ಇನ್ವರ್’, ‘ಬಾಲ್’, ‘ಕಿಲ್’ ಎಂಬ, ಸ್ಕಾಟ್ಲೆಂಡಿನ ಕೆಲ್ಟಿಕ್ ಭಾಷೆಯಾದ ಗೇಲಿಕ್‌ನ ಅಂಶಗಳು ಕ್ರಮವಾಗಿ ನದೀಮುಖ ಅಥವಾ ಸಂಗಮ, ನೆಲೆ, ಚರ್ಚು. ಇಂತಹ ಹೆಸರುಗಳಲ್ಲಿ ನೆಲೆ, ಚರ್ಚು ಮುಂತಾಗಿ ಸ್ಥಳದ ಬಗೆಯನ್ನು ಹೇಳುವ ಸಾಮಾನ್ಯ ಪದ ಮೊದಲು ಬರುತ್ತದೆ, ಉಚ್ಚಾರದ ಒತ್ತು ಅದರ ನಂತರದ ಭಾಗದ ಮೇಲೆ ಬೀಳುತ್ತದೆ; ವೈಕಿಂಗರ ಭಾಷೆಯಾದ ನಾರ್ಸ್ ಮತ್ತು ಸ್ಕಾಟ್ಸ್ ಹೆಸರುಗಳಲ್ಲಿ ಸಾಮಾನ್ಯ ಪದವೇ ಹೆಚ್ಚಾಗಿ ಕೊನೆಯಲ್ಲಿ. ಹಾಗಾಗಿ ಸ್ಥಳೀಯರ ಉಚ್ಚಾರವನ್ನು ಕೇಳಿ ಬರೆದುಕೊಳ್ಳುವುದು ಕಾಗುಣಿತದಷ್ಟೇ ಮುಖ್ಯ.

ಕೊನೆಗೆ ನೆಲವನ್ನು ನೋಡಿ. ಫೈಫ್‌ನ ಪಿಟನ್‌ವೀಮ್ ಎಂದರೆ ಗುಹೆಯ ಪಾಲು. ಸಂತ ಫಿಲನ್‌ನ ಗುಹೆ ಆ ಊರಿನಲ್ಲಿ ಇಂದಿಗೂ ಇದೆ. ‘ಇನ್ವರ್’ ಎಂದು ಅರ್ಥೈಸಿದ ಜಾಗದಲ್ಲಿ ಯಾವ ನೀರಿನ ಸಂಗಮವೂ ಇಲ್ಲದಿದ್ದರೆ, ಹಳೆಯ ಹರಿವು ಬದಲಾಗಿತ್ತೇ ಎಂದು ನಕ್ಷೆಗಳಲ್ಲಿ ಮೊದಲು ಪರಿಶೀಲಿಸಿ. ಆಗಲೂ ಹೊಂದದಿದ್ದರೆ ಆ ಅರ್ಥವನ್ನು ಕೈಬಿಡಿ.