ಕಳ್ಳತನವಾದ ಮೇಲೆ ಬಾಡಿಗೆ ಮನೆಯನ್ನು ಭದ್ರಪಡಿಸಿಕೊಂಡ ಬಗೆ

ಕಳ್ಳರು ನಮ್ಮ ಬೀಗವನ್ನು ಮುಟ್ಟಿರಲೇ ಇಲ್ಲ. ಅದು ಹಾಕಿದ ಹಾಗೆಯೇ ನೇತಾಡುತ್ತಿತ್ತು. ಕಿತ್ತು ಬಂದದ್ದು ಬಾಗಿಲ ಚೌಕಟ್ಟಿಗೆ ಹೊಡೆದಿದ್ದ ಕೊಂಡಿ. ದಪ್ಪ ಬೀಗದ ಭಾರವನ್ನೆಲ್ಲ ಹೊತ್ತಿದ್ದ ಆ ಕೊಂಡಿಯನ್ನು ಹಿಡಿದಿದ್ದವು ಅರ್ಧ ಇಂಚಿನ ಸ್ಕ್ರೂಗಳು. ಸಲಾಕೆಯನ್ನು ಸಂದಿಗೆ ತೂರಿಸಿ ಒಮ್ಮೆ ಮೀಟಿದರೆ ಸಾಕು, ಕೈಗೆ ಬರುತ್ತದೆ ಎಂದು ಬೆರಳಚ್ಚು ತೆಗೆಯಲು ಬಂದ ಪೊಲೀಸರು ತೋರಿಸಿಕೊಟ್ಟರು.

ಬೆಂಗಳೂರಿನ ವಿಜಯನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಯುಗಾದಿಗೆ ಊರಿಗೆ ಹೋಗಿದ್ದಾಗ ಇದು ನಡೆಯಿತು. ಕಳೆದುಹೋದುದರಲ್ಲಿ ನಮ್ಮತ್ತೆ ಕೊಟ್ಟಿದ್ದ ಬಳೆಗಳೂ ಇದ್ದವು ಎಂದಷ್ಟೇ ಹೇಳುತ್ತೇನೆ. ಮನೆ ಬದಲಿಸಿ ಎಂದು ಸಲಹೆ ಕೊಟ್ಟವರೇ ಹೆಚ್ಚು. ಬದಲಿಸುವುದೆಂದರೆ ಹೊಸ ಅಡ್ವಾನ್ಸ್, ಬ್ರೋಕರ್ ಕಮಿಷನ್, ಮಗಳ ಶಾಲೆಯ ದೂರ. ಇಷ್ಟೆಲ್ಲ ಮಾಡಿ ಹೋದ ಮನೆಯ ಕೊಂಡಿಗೂ ಅಂಥವೇ ಗಿಡ್ಡ ಸ್ಕ್ರೂಗಳಿದ್ದರೆ? ಇರುವ ಮನೆಯನ್ನೇ ಭದ್ರಪಡಿಸಿಕೊಳ್ಳುವುದೆಂದು ಇಬ್ಬರೂ ನಿರ್ಧರಿಸಿದೆವು.

ಮಾಲೀಕರಿಗೆ ಫೋನ್ ಮಾಡಿದಾಗ ಅವರ ಚಿಂತೆ ಬೇರೆ ಇತ್ತು. "ಏನು ಬೇಕಾದರೂ ಹಾಕಿಸಿಕೊಳ್ಳಿ ಅಮ್ಮ, ಆದರೆ ಹೊನ್ನೆ ಮರದ ಬಾಗಿಲು ಅದು, ಹಾಳಾಗಬಾರದು ನೋಡಿ" ಎಂದರು. ನ್ಯಾಯವಾದ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮನ್ನು ಓದಿಕೊಂಡೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು ಮನೆ ತಮ್ಮ ವಶದಲ್ಲಿರುವವರೆಗೆ ಬಿಚ್ಚಿಕೊಂಡು ಹೋಗಬಹುದು. ಮನೆಯನ್ನು ಮಾತ್ರ ತಾವು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತವಾದ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ. ನಮಗೆ ಇದೇ ಅಳತೆಗೋಲಾಯಿತು. ಏನೇನು ಹಾಕುತ್ತೇವೆ, ಹೋಗುವಾಗ ಯಾವುದನ್ನು ಬಿಚ್ಚುತ್ತೇವೆ, ಯಾವುದನ್ನು ಬಿಡುತ್ತೇವೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಬಾಗಿಲಿನ ಫೋಟೊಗಳ ಸಮೇತ ಕಳಿಸಿ ಅವರ ಒಪ್ಪಿಗೆಯನ್ನು ಬರಹದಲ್ಲೇ ಪಡೆದೆವು. ಅಡ್ವಾನ್ಸ್ ಹಿಂದಿರುಗಿಸುವ ಹೊತ್ತಿನಲ್ಲಿ ಬಾಯಿಮಾತು ನೆನಪಿಗೆ ಬರುವುದಿಲ್ಲ.

ಮುಂಬಾಗಿಲಿನ ಹಲಗೆಯೊಳಗೇ ಕೂರಿಸಿದ ಲಾಕ್ ಮೊದಲೇ ಇತ್ತು. ಆದರೆ ಅದರ ಬೀಗದಕೈಗಳಲ್ಲಿ ನಮಗೆ ಸಿಕ್ಕಿದ್ದು ಒಂದೇ. ಉಳಿದವು ಹಿಂದಿನ ಬಾಡಿಗೆದಾರರ ಬಳಿಯೋ ಬ್ರೋಕರ್ ಬಳಿಯೋ, ಯಾರಿಗೂ ತಿಳಿದಿರಲಿಲ್ಲ. ಆ ಅನುಮಾನಕ್ಕೇ ಹೊರಗೆ ಬೀಗ ಹಾಕುತ್ತಿದ್ದೆವು. ಆ ಬೀಗವೋ ಮನೆಯಲ್ಲಿ ಯಾರೂ ಇಲ್ಲವೆಂದು ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಸಾರುತ್ತಿತ್ತು.

ಇಂಥ ಲಾಕ್‌ನಲ್ಲಿ ಇಡೀ ಲಾಕ್ ಬದಲಿಸಬೇಕಾಗಿಲ್ಲ, ಬೀಗದಕೈ ತೂರಿಸುವ ಸಿಲಿಂಡರ್ ಒಂದನ್ನೇ ಬದಲಿಸಬಹುದು. ಬಾಗಿಲಿನ ಅಂಚಿನಲ್ಲಿ, ಸಿಲಿಂಡರಿನ ನೇರಕ್ಕೆ ಉದ್ದನೆಯ ಸ್ಕ್ರೂ ಒಂದು ಇರುತ್ತದೆ. ಅದನ್ನು ಬಿಚ್ಚಿ, ಬೀಗದಕೈ ತೂರಿಸಿ ಸ್ವಲ್ಪವೇ ತಿರುಗಿಸಿ ಎಳೆದರೆ ಸಿಲಿಂಡರ್ ಹೊರಬರುತ್ತದೆ. ಅಂಗಡಿಗೆ ಹಳೆಯದನ್ನೇ ಒಯ್ಯಬೇಕು. ಒಟ್ಟು ಉದ್ದದ ಜೊತೆಗೆ ನಡುವಿನ ಸ್ಕ್ರೂ ತೂತಿನಿಂದ ಎರಡೂ ಬದಿಗಿರುವ ಉದ್ದವೂ ಹೊಂದಬೇಕು. ಹೊರಬದಿಯಲ್ಲಿ ಸಿಲಿಂಡರ್ ಫಲಕಕ್ಕಿಂತ ಮುಂದಕ್ಕೆ ಚಾಚಿಕೊಂಡರೆ ಹಿಡಿದು ಮುರಿಯಲು ಅವಕಾಶವಾಗುತ್ತದೆ. ಹಳೆಯ ಸಿಲಿಂಡರನ್ನು ಅದರ ಬೀಗದಕೈಯೊಂದಿಗೆ ಡಬ್ಬಿಯಲ್ಲಿಟ್ಟಿದ್ದೇನೆ. ಮನೆ ಬಿಡುವ ದಿನ ಅದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಇಷ್ಟು ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್ ಬಿಟ್ಟು ಬೇರೇನೂ ಬೇಕಾಗಲಿಲ್ಲ.

ಲಾಕ್‌ನ ನಾಲಗೆ ಹೋಗಿ ಕೂರುವ ಚೌಕಟ್ಟಿನ ತಗಡನ್ನು ಬಡಗಿಯಿಂದ ಸರಿಪಡಿಸಿಕೊಂಡೆವು. ಅಲ್ಲಿಯೂ ಗಿಡ್ಡ ಸ್ಕ್ರೂಗಳೇ ಇದ್ದವು. ಅದೇ ತೂತುಗಳಲ್ಲಿ ಎರಡು ಇಂಚಿನವು ಕೂತು ಈಗ ಚೌಕಟ್ಟಿನ ಮರದ ಒಳಗನ್ನು ಕಚ್ಚಿಕೊಂಡಿವೆ. ಕಿತ್ತುಹೋಗಿದ್ದ ಕೊಂಡಿಯ ಜಾಗವನ್ನು ಮರದ ಚೂರು ಮತ್ತು ಅಂಟಿನಿಂದ ಮುಚ್ಚಿ ಪಾಲಿಶ್ ಹಾಕಿಸಿದೆವು. ಆ ಖರ್ಚನ್ನು ಮಾಲೀಕರೇ ಕೊಟ್ಟರು.

ಹಿಂದಿನ ಬಾಗಿಲು, ಅಂದರೆ ಬಟ್ಟೆ ಒಗೆಯುವ ಯುಟಿಲಿಟಿ ಕಡೆಯದು, ಮುಂಬಾಗಿಲಿಗಿಂತ ತೆಳು. ಬಾಡಿಗೆ ಮನೆಗಳಲ್ಲಿ ಯಾರೂ ಲಕ್ಷ್ಯ ಕೊಡದ ಜಾಗವೆಂದರೆ ಇದೇ. ಅಜ್ಜಿಯ ಮನೆಯ ಹೆಬ್ಬಾಗಿಲಿಗೆ ಗೋಡೆಯಿಂದ ಗೋಡೆಗೆ ಸರಿಯುವ ಮರದ ಅಗುಳಿ ಇತ್ತು. ಅದೇ ಬಗೆಯದನ್ನು ಇಲ್ಲಿ ಮಾಡಿಸಿದೆ. ಒಳಕ್ಕೆ ತೆರೆದುಕೊಳ್ಳುವ ಈ ಬಾಗಿಲಿನ ಚೌಕಟ್ಟಿನ ಎರಡೂ ಬದಿಗೆ ಕಬ್ಬಿಣದ ಕೊಕ್ಕೆಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಚೌಕ ಪೈಪು. ನಾವು ಹೊರಡುವುದು ಮುಂಬಾಗಿಲಿನಿಂದ. ಹಾಗಾಗಿ ಮನೆಯಲ್ಲಿ ಯಾರೂ ಇಲ್ಲದಾಗಲೂ ಹಿಂದಿನ ಅಗುಳಿ ಒಳಗಿನಿಂದ ಹಾಕಿಯೇ ಇರುತ್ತದೆ. ಬಾಲ್ಕನಿಯ ಜಾರುವ ಗಾಜಿನ ಕಿಟಕಿಗೆ ಹಳಿಯ ಅಳತೆಗೆ ಕತ್ತರಿಸಿದ ಕೋಲೊಂದು ಸಾಕಾಯಿತು.

ಇಷ್ಟಾದ ಮೇಲೆಯೇ ವಿದ್ಯುತ್ ಉಪಕರಣಗಳ ಕಡೆ ನೋಡಿದ್ದು. ಮೊದಲು ಕ್ಯಾಮೆರಾ ಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮುಖ ಮುಚ್ಚಿಕೊಂಡು ಬಂದವನನ್ನು ಕ್ಯಾಮೆರಾ ಕಾಣುತ್ತದೆ, ತಡೆಯುವುದಿಲ್ಲ. ನಾವು ಬಾಗಿಲು ಮತ್ತು ಚೌಕಟ್ಟಿಗೆ ಎರಡು ಬದಿಯ ಅಂಟುಪಟ್ಟಿಯಿಂದ ಅಂಟಿಸುವ ಅಯಸ್ಕಾಂತದ ಅಲಾರಂ ಹಾಕಿದ್ದೇವೆ. ಬ್ಯಾಟರಿಯದ್ದಾದ್ದರಿಂದ ಕರೆಂಟು ಹೋದರೂ ಕೂಗುತ್ತದೆ. ಮೆಟ್ಟಿಲಿನಲ್ಲಿದ್ದ ಹೋಲ್ಡರಿಗೆ ಚಲನೆ ಕಂಡರೆ ಹೊತ್ತಿಕೊಳ್ಳುವ ಬಲ್ಬು ಬಂದಿದೆ.

ಊರಿಗೆ ಹೋಗುವಾಗ ಎದುರುಮನೆಯ ಅಕ್ಕ ನಮ್ಮ ಹೊಸ್ತಿಲಿಗೂ ರಂಗೋಲಿ ಎಳೆಯುತ್ತಾರೆ. ಹಾಲು, ಪತ್ರಿಕೆಯನ್ನು ನಿಲ್ಲಿಸಿದರೂ ರಂಗೋಲಿಯಿಲ್ಲದ ಹೊಸ್ತಿಲು ನಮ್ಮ ಬೀದಿಗಳಲ್ಲಿ ಎದ್ದು ಕಾಣುತ್ತದೆ. ಇದನ್ನು ಅವರಾಗಿಯೇ ಹೇಳಿ ಮಾಡುತ್ತಿದ್ದಾರೆ, ನಾನು ಕೇಳಿಕೊಂಡದ್ದಲ್ಲ. ಠಾಣೆಗೂ ತಿಳಿಸಿ ಹೋಗುತ್ತೇವೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಕಳುವಾದ ಮೊಬೈಲನ್ನು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ ಕೊಟ್ಟು ನಿಷ್ಕ್ರಿಯಗೊಳಿಸಬಹುದು, ಆ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ. ಉಳಿದ ಒಡವೆ ಬ್ಯಾಂಕ್ ಲಾಕರಿಗೆ ಹೋಯಿತು. ಲಾಕರಿನಲ್ಲಿದ್ದುದು ಕಳುವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ ಎನ್ನುವುದು 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಚಿನ್ನದ ಬೆಲೆಗೆ ಅದು ಸಾಲದು. ವಿಮೆ ಮಾಡಿಸುವಾಗ ಒಂದನ್ನು ಗಮನಿಸಿ. ಭಾರತ್ ಗೃಹ ರಕ್ಷಾ ಎಂಬ ಸಾಮಾನ್ಯ ಪಾಲಿಸಿ ಮೂಲತಃ ಬೆಂಕಿ, ಪ್ರವಾಹದಂಥ ಅನಾಹುತಗಳಿಗೆ. ಅದರಲ್ಲಿ ಕಳ್ಳತನಕ್ಕೆ ಪರಿಹಾರ ಸಿಗುವುದು ಅಂಥ ಅನಾಹುತದಿಂದಾಗಿ, ಅದು ನಡೆದ 7 ದಿನಗಳೊಳಗೆ ಕಳುವಾದರೆ ಮಾತ್ರ. ಮನೆಗಳ್ಳತನದ ರಕ್ಷಣೆಯನ್ನು ಬೇರೆಯಾಗಿಯೇ ಕೇಳಿ ಸೇರಿಸಿಕೊಳ್ಳಬೇಕು. ಗೃಹೋಪಯೋಗಿ ವಸ್ತುಗಳಿಗಷ್ಟೇ ಈ ಪಾಲಿಸಿಯನ್ನು ಬಾಡಿಗೆದಾರರೂ ಮಾಡಿಸಬಹುದು.

ಈಗ ಉಳಿದಿರುವುದು ತಾರಸಿಯ ಬಾಗಿಲು. ಅದು ಕಟ್ಟಡದ ಎಲ್ಲ ಮನೆಗಳಿಗೂ ಸೇರಿದ್ದರಿಂದ ನಾವೊಬ್ಬರೇ ಮುಟ್ಟುವಂತಿಲ್ಲ. ಕೆಳಗಿನ ಮನೆಯವರು ಖರ್ಚಿನಲ್ಲಿ ಪಾಲು ಕೊಡಲು ಒಪ್ಪಿದ್ದಾರೆ, ಮೇಲಿನವರ ಜೊತೆ ಮಾತು ನಡೆಯುತ್ತಿದೆ.