ಅಮ್ಮನ ಪಾಲಿಸಿ ಪೋರ್ಟ್ ಮಾಡಿಸಿದ್ದು ಹೀಗೆ

ಅಮ್ಮನಿಗೆ 68. ಶುಗರ್ ಇದೆ, ಬಿಪಿ ಇದೆ. ಅತ್ತಾವರದ ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಬಿಸ್ಕತ್ ಡಬ್ಬಿ, ಅದರ ತುಂಬ ಮಾತ್ರೆ. ಅವರ ಆರೋಗ್ಯ ವಿಮೆಯ ಪ್ರೀಮಿಯಂ ಒಮ್ಮೆಲೇ ಏರಿದಾಗ ಪೋರ್ಟ್ ಮಾಡಿಸಲು, ಅಂದರೆ ಇದ್ದ ಪಾಲಿಸಿಯನ್ನೇ ಬೇರೆ ಕಂಪನಿಗೆ ಬದಲಿಸಲು ಹೊರಟೆ. ರಿನೀವಲ್‌ಗೆ ಹತ್ತೇ ದಿನ ಇತ್ತು. "ಮುಂದಿನ ವರ್ಷ ಬನ್ನಿ" ಅಂದರು ಹೊಸ ಕಂಪನಿಯವರು. ಹಾಗಾಗಿ ಮೊದಲ ಕೆಲಸ, ಕ್ಯಾಲೆಂಡರ್‌ನಲ್ಲಿ ರಿನೀವಲ್ ದಿನ ಗುರುತು ಹಾಕಿ, ಅದಕ್ಕೆ 45ರಿಂದ 60 ದಿನ ಮೊದಲೇ ಅರ್ಜಿ ಕೊಡಿ. ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಇಷ್ಟು.

ಮುಂದಿನ ವರ್ಷ ಸರಿಯಾದ ಹೊತ್ತಿಗೆ ಹೋದೆ. ಆಗ ಏಜೆಂಟರು, "ಪೋರ್ಟ್ ಎಲ್ಲ ಸುಮ್ನೆ ತಲೆಬಿಸಿ, ಹೊಸದೇ ಮಾಡಿಸುವ" ಅಂದರು. ಬೇಡ ಮಾರಾಯ್ರೆ! ಹೊಸದು ಮಾಡಿಸಿದರೆ ಇರುವ ಕಾಯಿಲೆಗೆ ವಿಮೆ ಸಿಗಲು ಮತ್ತೆ ಮೊದಲಿನಿಂದ ಕಾಯಬೇಕು, 36 ತಿಂಗಳವರೆಗೂ ಆಗಬಹುದು. ಪೋರ್ಟ್ ಆದರೆ ಹಳೆಯ ಕಂಪನಿಯಲ್ಲಿ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಆದರೆ ಹಳೆಯ ವಿಮೆಯ ಮೊತ್ತದವರೆಗೆ ಮಾತ್ರ. ಅಮ್ಮನದು 3 ಲಕ್ಷ ಇತ್ತು, ನಾನು 5 ಲಕ್ಷ ಮಾಡಿಸಿದೆ. ಮೇಲಿನ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರು.

ಫಾರಂ ತುಂಬುವಾಗ ಡಬ್ಬಿ ಪಕ್ಕದಲ್ಲೇ ಇಟ್ಟುಕೊಂಡೆ. ಪ್ರತಿ ಮಾತ್ರೆಯ ಹೆಸರು, ಪವರ್, ಯಾವಾಗಿನಿಂದ ಎಂದು ಬರೆದೆ: ಮೆಟ್‌ಫಾರ್ಮಿನ್ 500, ಟೆಲ್ಮಿಸಾರ್ಟನ್ 40. "ಶುಗರ್ ಅಂತ ಯಾಕೆ ಹೇಳ್ತೀ, ಅವರು ಬೇಡ ಅಂದ್ರೆ?" ಎಂದು ಅಮ್ಮ ಕೇಳಿದರು. ಬೇಡ ಅನ್ನಬಹುದು, ಹೌದು. ಪೋರ್ಟ್ ಅರ್ಜಿಯನ್ನೂ ತಿರಸ್ಕರಿಸುವ ಹಕ್ಕು ಅವರಿಗಿದೆ. ಆದರೆ ಮುಚ್ಚಿಟ್ಟು ಆಮೇಲೆ ಕ್ಲೈಮ್ ಬಿದ್ದುಹೋದರೆ ಅದು ಇನ್ನೂ ಕಷ್ಟ ಅಲ್ವಾ?

ದಿನದ ಮಾತ್ರೆಯ ಖರ್ಚನ್ನು ಮಾಮೂಲಿ ಪಾಲಿಸಿ ಕೊಡುವುದಿಲ್ಲ. ಆಸ್ಪತ್ರೆಗೆ ಸೇರಿದರೆ ಅಲ್ಲಿನ ಔಷಧಿ, ಜೊತೆಗೆ ಸೇರುವ ಮೊದಲಿನ ಮತ್ತು ಬಿಟ್ಟ ನಂತರದ ಇಂತಿಷ್ಟು ದಿನದ ಔಷಧಿ, ಅಷ್ಟೆ. ಒಪಿಡಿ ರೈಡರ್ (ಆಸ್ಪತ್ರೆಗೆ ಸೇರದೆ ಆಗುವ ಖರ್ಚಿಗೆ ಪಾಲಿಸಿ ಜೊತೆ ಸೇರಿಸುವ ಹೆಚ್ಚುವರಿ ವಿಮೆ) ಹಾಕಿಸಿ ಎಂದು ಒತ್ತಾಯ ಬಂತು. ಅದಕ್ಕೆ ಜಾಸ್ತಿ ಕಟ್ಟಬೇಕಾದದ್ದು 6,200 ರೂಪಾಯಿ, ಸಿಗುವ ಮಿತಿ ವರ್ಷಕ್ಕೆ 5,000! ಬಿಟ್ಟೆ. ಈಗ ಡಾಕ್ಟರರನ್ನು ಕೇಳಿಕೊಂಡೇ ಜನೌಷಧಿ ಅಂಗಡಿಯಿಂದ ತರುತ್ತೇನೆ. ತಿಂಗಳ ಬಿಲ್ಲು ಅರ್ಧಕ್ಕಿಂತ ಕಡಿಮೆಯಾಗಿದೆ.

ನೀವು ಹೋಗುವ ಆಸ್ಪತ್ರೆ ಹೊಸ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯಾ (ಅಂದರೆ ಬಿಲ್ಲನ್ನು ಕಂಪನಿಯೇ ನೇರ ಕಟ್ಟುತ್ತದಾ) ಎಂದು ಏಜೆಂಟರನ್ನಲ್ಲ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕನ್ನೇ ಕೇಳಿ.

ಹೊಸ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬೇಡಿ. ಬಂದ ಮೇಲೆ ಶುಗರ್, ಬಿಪಿ ಅದರಲ್ಲಿ ನಮೂದಾಗಿದೆಯಾ, ಹಳೆಯ ವರ್ಷಗಳು ಸೇರಿವೆಯಾ ನೋಡಿ. ತಪ್ಪಿದ್ದರೆ ತಿದ್ದಿಸಿ, ಬೇಡವೇ ಬೇಡ ಅನಿಸಿದರೆ ಹಿಂತಿರುಗಿಸಲು 30 ದಿನ ಇದೆ. ಮತ್ತೆ ಬ್ಯಾಂಕಿಗೆ ಹೋಗಿ ಹಳೆಯ ಕಂಪನಿಯ ಆಟೋ ಡೆಬಿಟ್ ನಿಲ್ಲಿಸಿ. ನಾನು ಮರೆತಿದ್ದೆ. ಆ ದುಡ್ಡು ವಾಪಸ್ ಬರಲು ಒಂದೂವರೆ ತಿಂಗಳು ಹಿಡಿಯಿತು.